ಇಂಚಿಗೊಂದು ಅಡಿ

ನಗರಸಭೆಯ ಮನೆ ರಿಪೇರಿ ವಿಭಾಗದಲ್ಲಿ ಒಬ್ಬ ಮೇಡಂ ಇದ್ದರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಮೇಸ್ತ್ರಿಗಳು, ಬಡಗಿಗಳು, ಕಚೇರಿಯ ಜವಾನ, ಕೊನೆಗೆ ಸ್ವಂತ ಗಂಡ ಕೂಡ ಅವರನ್ನು ಕರೆಯುತ್ತಿದ್ದದ್ದು ‘ಕಾಲಿಂಚು’ ಅಂತ. ಬಾಗಿಲು ಕಾಲಿಂಚು ಕಿರಿದಾಗಿದ್ದರೂ ಕೆಲಸ ಮುಗಿಯಿತು ಅಂತ ಸಹಿ ಹಾಕುತ್ತಿರಲಿಲ್ಲ ಆ ಮಹಾತಾಯಿ. ಸೊಂಟಕ್ಕೆ ಸಿಕ್ಕಿಸಿದ ಹಳದಿ ಟೇಪನ್ನು ಸರ್ರನೆ ಎಳೆದರೆಂದರೆ ಎಂಥ ಗುತ್ತಿಗೆದಾರನೂ ಬೆವರು ಒರೆಸಿಕೊಳ್ಳುತ್ತಿದ್ದ.

ಆ ನಗರಕ್ಕೆ ಕೇಂದ್ರ ಸರ್ಕಾರದಿಂದ ವರ್ಷಕ್ಕೊಮ್ಮೆ ಅನುದಾನ ಬರುತ್ತಿತ್ತು. ಅದರಲ್ಲಿ ಒಂದು ಪಾಲು ಕೈಲಾಗದವರ ಮನೆ ರಿಪೇರಿಗೆ: ಸೋರುವ ಸೂರು, ಕುಸಿದ ಗೋಡೆ, ಗಾಲಿಕುರ್ಚಿಯವರಿಗೆ ರ‍್ಯಾಂಪು. ಇನ್ನೊಂದು ಪಾಲು ಸಮುದಾಯ ಕೇಂದ್ರಕ್ಕೆ: ವಯಸ್ಸಾದವರಿಗೆ ಮಧ್ಯಾಹ್ನದ ಊಟ, ನಾಲ್ಕು ಜನರ ಜೊತೆ ಹರಟೆ, ಇಸ್ಪೀಟು, ಅವರನ್ನೆಲ್ಲ ಮನೆಯಿಂದ ಕರೆತರಲು ಒಂದು ನೀಲಿ ವ್ಯಾನು. ಕೊಡುವವರು ಸುಮ್ಮನೆ ಕೊಡುತ್ತಾರೆಯೇ? ಷರತ್ತುಗಳ ಪುಸ್ತಕ ತಲೆದಿಂಬಿನಷ್ಟು ದಪ್ಪ. ಕಾಲಿಂಚು ಮೇಡಂಗೆ ಅದು ಬಾಯಿಪಾಠ.

ಆ ವರ್ಷ ಅರ್ಜಿಗಳ ಕಟ್ಟಿನಲ್ಲಿ ಒಂದು ವಿಚಿತ್ರ ಕಂಡಿತು. ಒಂದೇ ಮನೆ, ಒಂದೇ ಹೆಸರು, ಒಂದೇ ಬೇಡಿಕೆ, ಅರ್ಜಿ ಮಾತ್ರ ಎರಡು. ಎಪ್ಪತ್ತೊಂದು ವರ್ಷದ ಒಬ್ಬ ನಿವೃತ್ತ ಬಸ್ ಕಂಡಕ್ಟರಮ್ಮನಿಗೆ ಮನೆ ಮುಂದೆ ರ‍್ಯಾಂಪು ಬೇಕಂತೆ. ಮೊದಲನೆಯದರಲ್ಲಿ ಅಕ್ಷರಗಳು ಓಡುವ ಬಸ್ಸಿನಲ್ಲಿ ನಿಂತು ಬರೆದ ಹಾಗಿದ್ದವು. ಎರಡನೆಯದು ಮುತ್ತು ಪೋಣಿಸಿದ ಹಾಗೆ. ಎಡಗಡೆ ಸ್ಕೇಲಿಟ್ಟು ಎಳೆದ ಮಾರ್ಜಿನ್ ಬೇರೆ! ಕೊನೆಯಲ್ಲಿ ‘ಬರೆದುಕೊಟ್ಟವರು’ ಎಂಬಲ್ಲಿ ಹೆಸರಿಲ್ಲ, ‘ಹಿತೈಷಿ’ ಅಂತ ಅಷ್ಟೇ.

ಕಂಪ್ಯೂಟರಿಗೆ ಕರುಣೆ ಇದೆಯೇ? ಎರಡನ್ನೂ ತಡೆಹಿಡಿದು ಕೂತಿತು. ಒಂದನ್ನು ಬರವಣಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ಇನ್ನೊಂದಕ್ಕೆ ಜೀವ. ಅದೂ ತಿಂಗಳ ಕೊನೆಯೊಳಗೆ. ಇಲ್ಲದಿದ್ದರೆ ಆ ರ‍್ಯಾಂಪು ಪಟ್ಟಿಯಲ್ಲಿ ಮುಂದಿರುವವರಿಗೆ. ಮತ್ತೆ ಸರದಿ ಬರಲು ಮೂರು ವರ್ಷ. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು.

"ಎರಡನ್ನೂ ವಜಾ ಮಾಡಿಬಿಡಿ ಮೇಡಂ, ತಲೆನೋವು ತಪ್ಪುತ್ತೆ," ಅಂದರು ಸಾಹೇಬರು.

ಹಿಂದಿನ ವರ್ಷ ಒಬ್ಬ ಅಜ್ಜನಿಗೆ ಮಂಜೂರಾತಿ ಪತ್ರ ತೆಗೆದುಕೊಂಡು ಮೇಡಂ ಖುಷಿಯಿಂದ ಹೋಗಿದ್ದರು. ಬಾಗಿಲಿಗೆ ಬೀಗ. ಪಕ್ಕದವರು ಹೇಳಿದರು, ಅಜ್ಜ ಹೋಗಿ ಹದಿನೈದು ದಿನವಾಯಿತು ಅಂತ. ಆ ಪತ್ರ ಇನ್ನೂ ಮೇಡಂ ಮೇಜಿನ ಡ್ರಾಯರಿನಲ್ಲಿತ್ತು.

"ಇನ್ನೊಂದು ಬೀಗದ ಮುಂದೆ ನಾನು ನಿಲ್ಲಲ್ಲ ಸಾರ್," ಅಂದವರೇ ಟೇಪು ಸಿಕ್ಕಿಸಿಕೊಂಡು ಹೊರಟರು.

ಕಂಡಕ್ಟರಮ್ಮನ ಮನೆ ಎತ್ತರದ ಪಾಯದ್ದು. ಬೀದಿಯ ಚರಂಡಿ ಉಕ್ಕಿದರೂ ನೀರು ಒಳಗೆ ಬರಬಾರದು ಅಂತ ಅವರಪ್ಪ ಕಟ್ಟಿಸಿದ್ದು. ಬೀದಿಯಿಂದ ಬಾಗಿಲಿಗೆ ಏಳು ಮೆಟ್ಟಿಲು. ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಅದರ ಹಿಂದೆಯೇ ಒಂದು ಗಂಟಲು.

"ಮೇಲೆ ಬನ್ನಿ, ಮೇಲೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬೇಕಾದಷ್ಟು ಜಾಗ ಇದೆ!"

ಮೂವತ್ತೈದು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಅದು, ಸೊಂಟದ ಮೂಳೆ ಮುರಿದರೆ ಸಣ್ಣದಾಗುತ್ತದೆಯೇ? ಕಂಡಕ್ಟರಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು.

"ಹದಿನಾಲ್ಕು ತಿಂಗಳಾಯ್ತು ಮಗಳೇ ನಾನು ಬೀದಿ ತುಳಿದು," ಅಂದರು. "ಒಂದು ಸಲ ಡಾಕ್ಟರ ಹತ್ರ ಅಂತ ನಾಲ್ಕು ಜನ ಮೂಟೆ ಹೊತ್ತ ಹಾಗೆ ಹೊತ್ತು ಇಳಿಸಿದರು. ಅಯ್ಯಯ್ಯೋ, ಇನ್ನೊಂದು ಸಲ ಬೇಡಪ್ಪಾ. ಬುಧವಾರ ಬುಧವಾರ ಕೇಂದ್ರದ ವ್ಯಾನು ಬರುತ್ತೆ. ನಮ್ಮ ಡಿಪೋದ ಹಳೇ ಗೆಳತಿಯರೆಲ್ಲ ಅದರಲ್ಲಿ ಹೋಗ್ತಾರೆ. ಡ್ರೈವರ್ ಪಾಪ ಹಾರ್ನ್ ಹೊಡೀತಾನೆ, ನಾನು ಕಿಟಕಿಯಿಂದ ಕೈ ಬೀಸ್ತೀನಿ, ಅವನು ಹೋಗ್ತಾನೆ. ವ್ಯಾನು ಸರ್ಕಾರದ್ದು, ಊಟ ಸರ್ಕಾರದ್ದು, ಈ ಏಳು ಮೆಟ್ಟಿಲು ಮಾತ್ರ ನಮ್ಮಪ್ಪಂದು!"

ಹೇಳಿ ತಾವೇ ಜೋರಾಗಿ ನಕ್ಕರು. ಮೇಡಂ ನಗಲಿಲ್ಲ. ಕಿಟಕಿಯ ಚೌಕಟ್ಟಿನಲ್ಲಿ ಕೈ ಊರಿ ಊರಿ ಬಣ್ಣ ಹೋಗಿದ್ದ ಜಾಗ ಅವರ ಕಣ್ಣಿಗೆ ಬಿದ್ದಿತ್ತು.

"ಅರ್ಜಿ ಎರಡು ಹಾಕಿದ್ದೀರಲ್ಲಮ್ಮ?"

"ನಾನಾ? ಒಂದು ಸೀಟಿಗೆ ಎರಡು ಟಿಕೆಟ್ ಹರಿಯೋಳಲ್ಲ ನಾನು! ನಂದು ಒಂದೇ, ಅಸಲಿ. ಇನ್ನೊಂದು ಯಾರು ಹಾಕಿದರೋ ಅವರೇ ವಾಪಸ್ ತಗೊಳ್ಳಲಿ. ನಾನಂತೂ ಸುತರಾಂ ತಗೊಳ್ಳಲ್ಲ."

ಮೇಡಂ ಅಳತೆಗೆ ಇಳಿದರು. ಮೆಟ್ಟಿಲಿಗೆ ಏಳಿಂಚಿನಂತೆ ಏಳು ಮೆಟ್ಟಿಲು, ಒಟ್ಟು ನಲವತ್ತೊಂಬತ್ತು ಇಂಚು. ಷರತ್ತಿನ ಪ್ರಕಾರ ಒಂದಿಂಚು ಇಳಿಯಲು ಒಂದಡಿ ಉದ್ದ ಬೇಕು. ಅಂದರೆ ನಲವತ್ತೊಂಬತ್ತು ಅಡಿ ರ‍್ಯಾಂಪು, ನಡುವೆ ಕುರ್ಚಿ ನಿಲ್ಲಿಸಿ ಸುಧಾರಿಸಿಕೊಳ್ಳಲು ಐದಡಿ ಸಮತಟ್ಟು. ಆದರೆ ಬಾಗಿಲಿಂದ ಬೀದಿಗೆ ಹತ್ತೇ ಅಡಿ. ಸುತ್ತಿಸಿ ಮಡಚೋಣವೆಂದರೆ ಕುರ್ಚಿ ತಿರುಗಲು ಜಾಗವಿಲ್ಲ. ಮನೆಯ ಉದ್ದಕ್ಕೆ ಎಳೆದರೆ ಹದಿನೆಂಟು ಅಡಿಗೆ ಒಂದು ಆಳೆತ್ತರದ ಗೋಡೆ. ಆಚೆಗೆ ಇನ್ನೊಂದು ಮನೆಯ ಉದ್ದನೆಯ ಅಂಗಳ.

"ಪಕ್ಕದ ಮನೆಯವರು ಒಪ್ಪಿದರೆ ಅವರ ಅಂಗಳದಲ್ಲಿ ಹಾಯಿಸಬಹುದು. ಯಾರಿದ್ದಾರಲ್ಲಿ?"

"ಯಾರೂ ಇಲ್ಲ."

"ಬಟ್ಟೆ ಒಣಗ್ತಾ ಇದೆಯಲ್ಲ?"

ಕಂಡಕ್ಟರಮ್ಮ ಮೂತಿ ಊದಿಸಿಕೊಂಡರು. "ಇದ್ದಾಳೆ ಒಬ್ಬಳು. ನನ್ನ ತಂಗಿ. ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ತಲೆ ಮೇಲೆ ತಲೆ ಬಿದ್ದರೂ ಅವಳನ್ನ ನಾನು ಕೇಳಲ್ಲ."

ಕತೆ ಇಷ್ಟೇ. ಅಪ್ಪನ ಮನೆಯನ್ನು ಅಕ್ಕತಂಗಿಯರು ಎರಡು ಭಾಗ ಮಾಡಿಕೊಂಡು ಅನ್ಯೋನ್ಯವಾಗಿದ್ದರು. ತಂಗಿ ಸ್ಕೂಲಿನಲ್ಲಿ ಟೀಚರು. ದಿನಾ ಅಕ್ಕನ ಬಸ್ಸಿನಲ್ಲೇ ಹೋಗುವುದು. ಅಕ್ಕನ ನೌಕರಿ ಮುಗಿಯಲು ಒಂದು ತಿಂಗಳಿದ್ದಾಗ ಒಂದು ಬೆಳಿಗ್ಗೆ ಟೀಚರಮ್ಮ ಪರ್ಸು ಮನೆಯಲ್ಲೇ ಮರೆತರು. "ಅಕ್ಕಾ, ಸಂಜೆ ಕೊಡ್ತೀನಿ," ಅಂದರು. ಅಕ್ಕ ಸೀಟಿ ಊದಿದರು. ಬಸ್ಸು ನಿಂತಿತು. "ಟಿಕೆಟ್ ಇಲ್ಲದೋರು ಇಳೀರಿ." ಬಸ್ಸಿನ ತುಂಬ ಟೀಚರಮ್ಮನ ಶಾಲೆಯ ಮಕ್ಕಳು! ಟೀಚರಮ್ಮ ಇಳಿದು ಉಳಿದ ದಾರಿ ನಡೆದೇ ಹೋದರು. ಆಮೇಲೆ ರಿಟೈರಾಗುವವರೆಗೂ ಮಕ್ಕಳು ಅವರ ಬೆನ್ನ ಹಿಂದೆ ‘ಟಿಕೆಟ್ ಟೀಚರ್’ ಅನ್ನುತ್ತಿದ್ದರಂತೆ.

"ನಿಮ್ಮ ಜೇಬಿಂದ ಹಾಕಬಹುದಿತ್ತಲ್ಲಮ್ಮ?"

"ಕಂಡಕ್ಟರು ಸ್ವಂತ ದುಡ್ಡು ಇಟ್ಕೊಂಡು ಬಸ್ ಹತ್ತೋ ಹಾಗಿಲ್ಲ. ನಿಯಮ!" ಅಂದರು ಕಂಡಕ್ಟರಮ್ಮ. ಆಮೇಲೆ ಗಾಲಿಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ನಿಯಮ ಅಂದವರಿಗೆ ಎದುರು ಹೇಳುವ ಅಭ್ಯಾಸವೇ ಕಾಲಿಂಚು ಮೇಡಂಗೆ ಇರಲಿಲ್ಲ. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಅನ್ನಿಸಿ ಒಳಗೊಳಗೇ ಕಸಿವಿಸಿಯಾಯಿತು.

ಆ ಗೋಡೆ ಎದ್ದದ್ದು ಜಗಳದ ಮಾರನೇ ವಾರ. ಅರ್ಧ ಖರ್ಚು ಅಕ್ಕನದು, ಅರ್ಧ ತಂಗಿಯದು. ಮಾತು ಬಿಟ್ಟ ಮೇಲೆ ಇಬ್ಬರೂ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ಮೇಡಂ ಪಕ್ಕದ ಮನೆಯ ಏಳು ಮೆಟ್ಟಿಲು ಹತ್ತಿದರು. ಟೀಚರಮ್ಮ ಅರವತ್ತಾರರ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಬಂದವರನ್ನು ಕೂರಿಸಿ ಚಹಾ ಇಟ್ಟರು. ಅಡುಗೆಮನೆಯ ಗೋಡೆಗೆ ಸಾಮಾನಿನ ಪಟ್ಟಿ ಅಂಟಿಸಿತ್ತು. ಒಂದು, ಎರಡು, ಮೂರು ಅಂತ ಸಂಖ್ಯೆ ಹಾಕಿ, ಎಡಗಡೆ ಸ್ಕೇಲಿಟ್ಟು ಮಾರ್ಜಿನ್ ಎಳೆದು! ಮೇಡಂ ಚಹಾ ಕೆಳಗಿಟ್ಟರು.

"ಟೀಚರಮ್ಮಾ, ಆ ಎರಡನೇ ಅರ್ಜಿ ನಿಮ್ಮದು ತಾನೇ? ಅದರಲ್ಲಿ ಯಾರೋ ನಮ್ಮ ಫಾರಮ್ಮಿನ ಪ್ರಶ್ನೆ ಸಂಖ್ಯೆಗಳನ್ನ ಕೆಂಪು ಇಂಕಿನಲ್ಲಿ ತಿದ್ದಿದ್ದಾರೆ."

"ತಿದ್ದದೆ ಇನ್ನೇನು ಮಾಡಲಿ?" ಟೀಚರಮ್ಮ ಸಿಡುಕಿದರು. "ಹದಿನಾಲ್ಕಾದ ಮೇಲೆ ನೇರವಾಗಿ ಹದಿನಾರಂತೆ! ಹದಿನೈದನ್ನ ಯಾರು ತಿಂದರು? ಅಂಥ ಫಾರಂ ಊರಿಗೆಲ್ಲ ಹಂಚೋದಾ?" ಅಷ್ಟು ಹೇಳಿದ ಮೇಲೆ ತಾವು ಸಿಕ್ಕಿಬಿದ್ದದ್ದು ಅವರಿಗೆ ಹೊಳೆಯಿತು. ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಅಕ್ಕ ಮಧ್ಯಾಹ್ನ ಮಲಗಿದಾಗ ಬೀದಿಯಿಂದ ಸುತ್ತಿಕೊಂಡು ಹೋಗಿ, ಶಾಲೆಯ ಅಡಿಕೋಲು ಹಿಡಿದು ಮೆಟ್ಟಿಲುಗಳನ್ನು ಅಳೆದು ಬಂದಿದ್ದರಂತೆ. ಯಾರಾದರೂ ನೋಡಿದರೆ ಏನು ಗತಿ ಅಂತ ಮೆಟ್ಟಿಲಿಗೊಮ್ಮೆ ಹಿಂದೆ ತಿರುಗಿ ನೋಡುತ್ತ. ಅಕ್ಕ ಜಂಬದ ಕೋಳಿ, ತಾನಾಗಿ ಯಾರನ್ನೂ ಏನನ್ನೂ ಕೇಳುವವಳಲ್ಲ, ಅರ್ಜಿ ಹಾಕಿರಲಾರಳು ಅಂತ ಇವರೇ ಹಾಕಿದ್ದು. ಅಕ್ಕನೂ ಹಾಕಿಬಿಟ್ಟಿದ್ದಳು.

"ಹಾಗಾದರೆ ನಿಮ್ಮದನ್ನ ವಾಪಸ್ ತಗೊಂಡು, ಅಂಗಳಕ್ಕೆ ಒಪ್ಪಿಗೆ ಬರೆದುಕೊಡಿ. ಎಲ್ಲಾ ಸಲೀಸಾಗುತ್ತೆ."

"ಕೊಡ್ತೀನಿ. ಎರಡನ್ನೂ ಕೊಡ್ತೀನಿ. ಅವಳು ಒಂದು ಮಾತು ಆಡಲಿ. ಒಂದೇ ಒಂದು. ಹನ್ನೊಂದು ವರ್ಷದ ಹಿಂದೆ ‘ಇಳಿ’ ಅಂದಳಲ್ಲ, ಅದೇ ಬಾಯಲ್ಲಿ ‘ಬಾ’ ಅನ್ನಲಿ." ಟೀಚರಮ್ಮ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. "ಮತ್ತೆ ಆ ಅರ್ಜಿ ನಾನು ಬರೆದದ್ದು ಅಂತ ಅವಳಿಗೆ ಹೇಳಬೇಡಿ."

ಕಾಲಿಂಚು ಮೇಡಂ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಮುಂದಿನ ಹತ್ತು ದಿನ ಮೇಡಂ ಆ ಎರಡು ಮನೆಗಳ ನಡುವೆ ಓಡಾಡಿದ್ದೇ ಓಡಾಡಿದ್ದು. ಏಳು ಹತ್ತು, ಏಳು ಇಳಿ; ಮತ್ತೆ ಏಳು ಹತ್ತು, ಏಳು ಇಳಿ. ಮಂಡಿ ಹಿಡಿದುಕೊಂಡಿತು. ಅಕ್ಕ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ತಂಗಿ ಪಟ್ಟು ಬಿಡುವುದಿಲ್ಲ. ಒಬ್ಬರು ಇನ್ನೊಬ್ಬರ ಬಗ್ಗೆ "ಆಕೆ" ಅನ್ನುತ್ತಾರೆ, "ಅವರು" ಅನ್ನುತ್ತಾರೆ, ಬಾಯಿ ತಪ್ಪಿಯೂ ಅಕ್ಕ, ತಂಗಿ ಅನ್ನುವುದಿಲ್ಲ. ಆದರೆ ಅಕ್ಕ ಕೇಳುತ್ತಾರೆ: "ಆಕೆ ಇನ್ನೂ ಕೆಮ್ತಾ ಇದ್ದಾಳಾ?" ತಂಗಿ ಕೇಳುತ್ತಾರೆ: "ಅವರು ಸರಿಯಾಗಿ ಊಟ ಮಾಡ್ತಾರಾ?" ಮೇಡಂಗೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸುತ್ತಿತ್ತು.

ಸಾಹೇಬರು ದಾರಿ ತೋರಿಸಿದರು. "ಕಡಿದಾಗಿ ಕಟ್ಟಿಬಿಡಿ ಮೇಡಂ. ನೇರವಾಗಿ ಬೀದಿಗೆ. ಅಳೆಯೋಕೆ ಯಾರು ಬರ್ತಾರೆ?"

"ನಾನು ಬರ್ತೀನಿ ಸಾರ್," ಅಂದರು ಕಾಲಿಂಚು ಮೇಡಂ. "ಕಡಿದಾಗಿ ಕಟ್ಟಿದರೆ ಆ ಅಮ್ಮ ಕುರ್ಚಿ ಸಮೇತ ಹೋಗಿ ಲಾರಿಗೆ ಗುದ್ದುತ್ತಾರೆ. ಆಮೇಲೆ ಆಕೆ ಲಾರಿಯವನನ್ನ ಬಯ್ಯೋದನ್ನ ಯಾರು ಕೇಳ್ತಾರೆ?"

ಕೊನೆಯ ದಿನ ಬಂತು. ಸಂಜೆ ಐದಕ್ಕೆ ಕಂಪ್ಯೂಟರು ಮುಚ್ಚುತ್ತದೆ. ಮಧ್ಯಾಹ್ನ ಎರಡಕ್ಕೆ ಕಾಲಿಂಚು ಮೇಡಂ ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮಾಡದ ಕೆಲಸ ಒಂದು ಮಾಡಿದರು. ಮೂಲ ಅರ್ಜಿ ಕಚೇರಿಯ ಹೊಸ್ತಿಲು ದಾಟುವ ಹಾಗಿಲ್ಲ ಅನ್ನುವುದು ನಿಯಮ. ಅವರು ಅತ್ತ ಇತ್ತ ನೋಡಿ, ಆ ಎರಡನೇ ಅರ್ಜಿಯನ್ನು ಮಡಚಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಹೊರಟರು. ಜವಾನ "ಏನ್ ಮೇಡಂ, ಹುಷಾರಿಲ್ವಾ? ಮುಖ ಬಿಳಿಚಿಕೊಂಡಿದೆ," ಅಂದ. "ಬಿಸಿಲು," ಅಂದರು. ಹೊರಗೆ ಮೋಡ ಕವಿದಿತ್ತು.

ಕಂಡಕ್ಟರಮ್ಮನ ಮಡಿಲಲ್ಲಿ ಆ ಕಾಗದ ಇಟ್ಟರು.

ಕಂಡಕ್ಟರಮ್ಮ ಮೊದಲು ಮಾರ್ಜಿನ್ ನೋಡಿದರು. ಆಮೇಲೆ ಕೆಂಪು ಇಂಕಿನಲ್ಲಿ ತಿದ್ದಿದ ಸಂಖ್ಯೆಗಳನ್ನು ನೋಡಿದರು. ಮುಖದ ಬಿಗಿ ಒಂದೊಂದೇ ಎಳೆಯಾಗಿ ಸಡಿಲವಾಯಿತು. ಮೆಟ್ಟಿಲುಗಳ ವಿವರಕ್ಕೆ ಬಂದಾಗ ಬೆರಳಿಟ್ಟು ಓದಿದರು: ಏಳು ಮೆಟ್ಟಿಲು, ಪ್ರತಿಯೊಂದೂ ಏಳಿಂಚು. ‘ಕಾರಣ’ ಅನ್ನುವ ಜಾಗದಲ್ಲಿ ಹೀಗೆ ಬರೆದಿತ್ತು: "ಇವರು ಹದಿನಾಲ್ಕು ತಿಂಗಳಿಂದ ಹೊರಗೆ ಬಂದಿಲ್ಲ. ಬುಧವಾರ ವ್ಯಾನ್ ಬಂದಾಗ ಕಿಟಕಿಯಿಂದ ಕೈ ಬೀಸುತ್ತಾರೆ. ವ್ಯಾನ್ ಹೋದ ಮೇಲೂ ಸುಮಾರು ಹೊತ್ತು ಕೈ ಮೇಲೇ ಇರುತ್ತದೆ. ನನ್ನಿಂದ ನೋಡಲಾಗುವುದಿಲ್ಲ."

ಅದನ್ನು ಎರಡು ಸಲ ಓದಿದರು. ಮೂರನೇ ಸಲಕ್ಕೆ ಅಕ್ಷರ ಕಾಣಿಸಲಿಲ್ಲ.

"ಪೆದ್ದಿ," ಅಂದರು ಕೊನೆಗೆ, ಕಣ್ಣೀರು ಒರೆಸಿಕೊಂಡು. "ಬಗ್ಗಿ ಬಗ್ಗಿ ಅಳೆದಿದ್ದಾಳೆ. ಬೆನ್ನುನೋವಿನವಳು." ಮತ್ತೆ ಮೂಗು ಸೊರ್ರನೆ ಎಳೆದು ಗಂಟಲು ಸರಿಮಾಡಿಕೊಂಡರು. "ನಾನು ನನ್ನ ಅರ್ಜಿಯಲ್ಲಿ ಮೆಟ್ಟಿಲು ಎಷ್ಟು ಅಂತ ಬರೆದಿದ್ದೀನಿ ಮಗಳೇ?"

"ಆರು ಅಂತ ಬರೆದಿದ್ದೀರಿ."

"ಹತ್ತಿ ಇಳಿದು ಎಷ್ಟು ಕಾಲ ಆಯ್ತು ನೋಡು, ಲೆಕ್ಕವೇ ಮರೆತಿದ್ದೀನಿ. ಹಾಗಾದ್ರೆ ನಂದೇ ತಪ್ಪು. ನನ್ನದನ್ನ ರದ್ದು ಮಾಡು. ಅವಳದೇ ಇರಲಿ. ಎಲ್ಲಿ ಸಹಿ ಹಾಕಬೇಕು, ಬೇಗ ತೋರಿಸು!"

ಮೇಡಂ ಏಳು ಮೆಟ್ಟಿಲು ಹೇಗೆ ಇಳಿದರೋ, ಪಕ್ಕದ ಏಳು ಮೆಟ್ಟಿಲು ಹೇಗೆ ಹತ್ತಿದರೋ. ಮಂಡಿ ನೋವು ಎಲ್ಲಿ ಹೋಯಿತೋ. ಟೀಚರಮ್ಮನ ಮುಂದೆ ಆ ಸಹಿ ಹಿಡಿದರು.

"ಅಕ್ಕ ತನ್ನದನ್ನ ವಾಪಸ್ ತಗೊಂಡಳಾ?" ಟೀಚರಮ್ಮನಿಗೆ ನಂಬಿಕೆಯೇ ಬರಲಿಲ್ಲ. ‘ಅಕ್ಕ’ ಅಂದದ್ದು ಅವರ ಗಮನಕ್ಕೇ ಬರಲಿಲ್ಲ. "ಹುಟ್ಟಿದಾಗಿನಿಂದ ಯಾವತ್ತೂ ಏನನ್ನೂ ವಾಪಸ್ ತಗೊಂಡವಳಲ್ಲ ಅವಳು." ಮೇಡಂ ಅರ್ಜಿ ತೋರಿಸಿಬಿಟ್ಟಿದ್ದಾರೆ ಅನ್ನುವುದು ಆಮೇಲೆ ಹೊಳೆದು ಒಮ್ಮೆ ದುರುಗುಟ್ಟಿದರು. ಆದರೂ ಪೆನ್ನು ತೆಗೆದರು. ಅಂಗಳದ ಒಪ್ಪಿಗೆಗೆ ಸಹಿ ಹಾಕಿದರು, ಕೆಳಗೆ ತಾರೀಕು ಬರೆದರು, ಅಡಿಗೆರೆ ಎಳೆದರು. "ಇದು ಅರ್ಧ ಮಾರ್ಕು ಅಷ್ಟೇ. ಇನ್ನರ್ಧ ಬಾಯಿ ಪರೀಕ್ಷೆಗೆ ಇಟ್ಟುಕೊಂಡಿದ್ದೀನಿ."

ನಾಲ್ಕು ಐವತ್ತೆರಡಕ್ಕೆ ಮಂಜೂರಾಯಿತು. ಕಾಲಿಂಚು ಮೇಡಂ ಕುರ್ಚಿಯಲ್ಲಿ ಒರಗಿ, ಜವಾನನಿಗೆ ತಾವೇ ಚಹಾ ಕೊಡಿಸಿದರು. ಆತ ಕಪ್ಪು ಹಿಡಿದುಕೊಂಡು ಗಾಬರಿಯಿಂದ ಅವರ ಮುಖವನ್ನೇ ನೋಡುತ್ತಿದ್ದ.

ಕೆಲಸಕ್ಕೆ ಬಂದ ಮೇಸ್ತ್ರಿ ಗೋಡೆ ನೋಡಿದವನೇ ಹಣೆ ಚಚ್ಚಿಕೊಂಡ. "ಅಯ್ಯೋ, ಇದನ್ನ ಕಟ್ಟಿದ್ದು ನಾನೇ ಕಣ್ರೀ! ಅಕ್ಕ ಆ ಕಡೆ, ತಂಗಿ ಈ ಕಡೆ ನಿಂತು ಒಂದೊಂದು ಇಟ್ಟಿಗೆನೂ ತಟ್ಟಿ ತಟ್ಟಿ ನೋಡಿದ್ರು. ನನ್ನ ಜನ್ಮದಲ್ಲಿ ಅಷ್ಟು ಗಟ್ಟಿ ಗೋಡೆ ಇನ್ನೊಂದು ಕಟ್ಟಿಲ್ಲ." ಆ ಗೋಡೆಯಲ್ಲಿ ನಾಲ್ಕಡಿ ಒಡೆಯಲು ಅವನಿಗೆ ಎರಡು ದಿನ ಹಿಡಿಯಿತು. ಪ್ರತಿ ಸುತ್ತಿಗೆ ಏಟಿಗೂ ತನ್ನನ್ನೇ ಬಯ್ದುಕೊಂಡ.

ಮೂರು ವಾರದ ಕೆಲಸ. ಇಬ್ಬರೂ ತಂತಮ್ಮ ಕಿಟಕಿಯಲ್ಲಿ ಕೂತು ಉಸ್ತುವಾರಿ. ಗೋಡೆ ಒಡೆದು ಕಿಂಡಿ ಬಿದ್ದದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಮಾತೆಲ್ಲ ಮೇಸ್ತ್ರಿಯ ಮೂಲಕವೇ.

"ಮೇಸ್ತ್ರಿ, ಆಕೆಗೆ ಹೇಳಿ, ಧೂಳು ಬರುತ್ತೆ, ಕಿಟಕಿ ಮುಚ್ಚಿಕೊಳ್ಳಲಿ. ಕೆಮ್ಮಿನವಳು."

"ಮೇಸ್ತ್ರಿ, ಅವರಿಗೆ ಹೇಳಿ, ಧೂಳು ನನಗೆ ಹೊಸದಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಕುಡಿದಿದ್ದೀನಿ."

"ಮೇಸ್ತ್ರಿ, ಹಾಗಂತ ಜಂಬ ಬೇಡ ಅನ್ನಿ."

ಮೇಸ್ತ್ರಿ ಕರಣೆ ಕೆಳಗಿಟ್ಟು ಕೈ ಮುಗಿದ. "ತಾಯಂದಿರಾ, ನಾನು ಸಿಮೆಂಟು ಕಲಸಲಾ, ಮಾತು ಕಲಸಲಾ?" ಎರಡೂ ಕಿಟಕಿಯಲ್ಲಿ ನಗು ಒಟ್ಟಿಗೇ ಹೊರಟಿತು. ಒಟ್ಟಿಗೇ ನಿಂತಿತು ಕೂಡ.

ಅಳತೆಯ ಚಮತ್ಕಾರ ಇರುವುದು ಇಲ್ಲಿ. ಅಕ್ಕನ ಜಗಲಿಯಿಂದ ಹೊರಟ ರ‍್ಯಾಂಪು ಗೋಡೆಯ ಕಿಂಡಿಯಲ್ಲಿ ತೂರಿ ಇಪ್ಪತ್ತೊಂದು ಅಡಿಗೆ ಇಪ್ಪತ್ತೊಂದು ಇಂಚು ಇಳಿಯುತ್ತಿತ್ತು. ಅಲ್ಲಿ ಐದಡಿ ಸಮತಟ್ಟು. ಅದು ಸರಿಯಾಗಿ ತಂಗಿಯ ಬಾಗಿಲಿನ ಎದುರಿಗೆ, ಕೆಳಗಿನಿಂದ ಅವಳ ನಾಲ್ಕನೇ ಮೆಟ್ಟಿಲಿನ ಮಟ್ಟಕ್ಕೆ ಕೂಡಿಕೊಂಡಿತು. ತಂಗಿ ಬಾಗಿಲು ತೆಗೆದು ಮೂರು ಮೆಟ್ಟಿಲು ಇಳಿದರೆ ಸಮತಟ್ಟು. ಅದನ್ನು ದಾಟದೆ ಬೀದಿಗೆ ದಾರಿಯೇ ಇಲ್ಲ. ಅಕ್ಕನೂ ಅಲ್ಲಿ ನಿಲ್ಲಲೇಬೇಕು, ಸುಧಾರಿಸಿಕೊಳ್ಳಲೇಬೇಕು. ನಕ್ಷೆ ಬರೆಯುವಾಗ ಸಮತಟ್ಟನ್ನು ಮೂರಡಿ ಆಚೆ ಈಚೆ ಮಾಡಬಹುದಿತ್ತಲ್ಲ ಅಂತ ಮೇಸ್ತ್ರಿ ಕೇಳಿದ. "ಮಾಡಬಹುದಿತ್ತು," ಅಂದರು ಕಾಲಿಂಚು ಮೇಡಂ.

ಬುಧವಾರ ಬೆಳಿಗ್ಗೆ. ಅಂತಿಮ ತಪಾಸಣೆಗೆ ಮೇಡಂ ಟೇಪು ಹಿಡಿದು ಬಂದರು. ಕಂಡಕ್ಟರಮ್ಮನ ಮಗಳು ಆಸ್ಪತ್ರೆಗೆ ರಜೆ ಹಾಕಿದ್ದಳು. ನೀಲಿ ವ್ಯಾನು ಬಂದು ನಿಂತಿತು, ಒಳಗಿದ್ದ ಡಿಪೋದ ಗೆಳತಿಯರು ಕಿಟಕಿಯಿಂದ ತಲೆ ಹಾಕಿ ಕೂಗತೊಡಗಿದರು. ಕಂಡಕ್ಟರಮ್ಮ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಕೊರಳಿಗೆ ಹಳೆಯ ಸೀಟಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮಗಳು ತಳ್ಳಲು ಬಂದರೆ ಕೈ ಸರಿಸಿದರು. "ಹಿಂದೆ ಬಾ ಸಾಕು. ಸ್ಟೇರಿಂಗ್ ನನ್ನ ಕೈಲಿರಲಿ."

ಗಾಲಿ ಉರುಳಿತು. ಹದಿನೈದು ತಿಂಗಳ ಮೇಲೆ ಬಿಸಿಲು ಅವರ ಮುಖಕ್ಕೆ ನೇರವಾಗಿ ಬಿತ್ತು. "ಹೋ!" ಅಂದರು, ಚಿಕ್ಕ ಹುಡುಗಿಯ ಹಾಗೆ. ಕಂಬಿ ಹಿಡಿದು ಮೆಲ್ಲಗೆ, ಮೆಲ್ಲಗೆ ಇಳಿದರು. ಒಡೆದ ಗೋಡೆ ದಾಟುವಾಗ ಅದನ್ನೊಮ್ಮೆ ಕೈಯಿಂದ ಸವರಿದರು. ಸಮತಟ್ಟಿಗೆ ಬಂದು ಗಾಲಿಗೆ ತಡೆ ಹಾಕಿದರು.

ಎದುರಿಗೆ ತಂಗಿಯ ಬಾಗಿಲು. ಮುಚ್ಚಿತ್ತು.

ವ್ಯಾನಿನಲ್ಲಿದ್ದವರ ಗಲಾಟೆ ನಿಂತಿತು. ಮೇಸ್ತ್ರಿ ಬೀಡಿ ಹಚ್ಚುವವನು ಹಾಗೇ ನಿಂತ. ಕಂಡಕ್ಟರಮ್ಮ ಕೊರಳಿನ ಸೀಟಿ ಕೈಗೆ ತೆಗೆದುಕೊಂಡರು. ಆಮೇಲೆ ಸೀಟಿ ಬಾಯಿಗಿಟ್ಟು ಊದಿದರು ನೋಡಿ, ಬೀದಿಯ ಪಾರಿವಾಳಗಳೆಲ್ಲ ಪಟಪಟನೆ ಎದ್ದು ಹೋದವು!

"ಸ್ಟಾಪ್ ಬಂತು! ಹತ್ತೋರು ಯಾರಾದ್ರೂ ಇದ್ರೆ ಹತ್ತಿ!"

ಬಾಗಿಲು ತೆಗೆಯಲಿಲ್ಲ. ಕಾಲಿಂಚು ಮೇಡಂ ಟೇಪನ್ನು ಸುಮ್ಮನೆ ಎಳೆದು ಬಿಟ್ಟರು. ಬಾಯಿ ಪರೀಕ್ಷೆಯ ಉತ್ತರ ಅವರಿಗೆ ಗೊತ್ತಿತ್ತು, ಹೇಳಿಕೊಡುವ ಹಾಗಿರಲಿಲ್ಲ.

ಕಂಡಕ್ಟರಮ್ಮ ಸೀಟಿ ಕೆಳಗಿಳಿಸಿದರು. ಆ ದೊಡ್ಡ ಗಂಟಲು ಅಷ್ಟು ಸಣ್ಣದಾಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

"ಬಾರೇ," ಅಂದರು. "ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಕಣೇ. ಬಾ."

ಚಿಲಕ ಸರಿದ ಸದ್ದು. ಬಾಗಿಲು ತೆರೆಯಿತು. ಟೀಚರಮ್ಮ ನಿಂತಿದ್ದರು, ಇಸ್ತ್ರಿ ಮಾಡಿದ ಬಟ್ಟೆ, ಕಾಲಲ್ಲಿ ಚಪ್ಪಲಿ, ಹೆಗಲಿಗೆ ಚೀಲ. ಬೆಳಿಗ್ಗೆ ಆರಕ್ಕೇ ಸಿದ್ಧವಾಗಿ ಬಾಗಿಲ ಹಿಂದೆ ಕೂತಿದ್ದರು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಮೂರು ಮೆಟ್ಟಿಲು ಇಳಿದು ಬಂದು, ಚೀಲದಿಂದ ಪರ್ಸು ತೆಗೆದು ಅಕ್ಕನ ಮೂಗಿನ ಮುಂದೆ ಆಡಿಸಿದರು.

"ಈ ಸಲ ತಂದಿದ್ದೀನಿ. ಟಿಕೆಟ್ ಕೊಡಿ."

"ಒಳಗಿಡೇ ಅದನ್ನ. ನಿನ್ನ ಅಂಗಳದ ಮೇಲೆ ಹೋಗೋ ಬಸ್ಸಿಗೆ ನಿನಗೆಂಥ ಟಿಕೆಟ್ಟು?" ಕಂಡಕ್ಟರಮ್ಮ ತಂಗಿಯ ಕೈ ಹಿಡಿದುಕೊಂಡರು. "ಅವತ್ತು ನಿನ್ನನ್ನ ಇಳಿಸಬಾರದಿತ್ತು ಕಣೇ."

"ನಿಯಮ ಇತ್ತಲ್ಲ ಅಕ್ಕ."

"ಇತ್ತು. ಆದ್ರೂ ಇಳಿಸಬಾರದಿತ್ತು."

ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ಯಾವುದು ಯಾರದು ಅಂತ ಗೊತ್ತಾಗುವ ಹಾಗಿರಲಿಲ್ಲ. ವ್ಯಾನಿನ ಡ್ರೈವರ್ ಹಾರ್ನ್ ಹೊಡೆದ. "ಬರ್ತೀವಿ ಇರಯ್ಯಾ!" ಅಂತ ಅಕ್ಕತಂಗಿ ಒಂದೇ ಉಸಿರಿಗೆ ಗದರಿದರು. ತಂಗಿ ಕುರ್ಚಿಯ ಹಿಂದೆ ಬಂದು ಹಿಡಿ ಹಿಡಿದರು. ಆಗಲೇ ಜಗಳ ಶುರು: "ಮೆಲ್ಲಗೆ ತಳ್ಳೇ," "ಮೆಲ್ಲಗೇ ತಳ್ತಾ ಇದ್ದೀನಿ, ನೀನು ಬ್ರೇಕ್ ಬಿಡು," "ಬಿಟ್ಟಿದ್ದೀನಿ ಕಣೇ, ನಿನಗೆ ಕಣ್ಣು ಕಾಣಲ್ವಾ?" ಉಳಿದ ಇಪ್ಪತ್ತೆಂಟು ಅಡಿಯ ಉದ್ದಕ್ಕೂ ಅದೇ. ಹನ್ನೊಂದು ವರ್ಷದ ಬಾಕಿಯಲ್ಲವೇ!

"ರೈಟ್ ರೈಟ್!" ಕೂಗಿದರು ಕಂಡಕ್ಟರಮ್ಮ. ವ್ಯಾನು ಹೊರಟಿತು. ಈ ಸಲ ವ್ಯಾನಿನ ಒಳಗಿನಿಂದ ಎರಡು ಕೈಗಳು ಹೊರಗೆ ಬೀಸಿದವು, ಮನೆಯ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಕಾಲಿಂಚು ಮೇಡಂ ಸಮತಟ್ಟಿನ ಮೇಲೆ ಕೂತು ಮುಕ್ತಾಯದ ಫಾರಂ ತೆಗೆದರು. ಇಳಿಜಾರು ಸರಿಯಾಗಿದೆಯೇ? ಇದೆ. ಕಂಬಿ ಗಟ್ಟಿಯಾಗಿದೆಯೇ? ಇದೆ. ಅನುದಾನದ ಪ್ರಯೋಜನ ಪಡೆದವರ ಸಂಖ್ಯೆ? ಮಂಜೂರಾಗಿದ್ದದ್ದು ಒಬ್ಬರಿಗೆ. ಎರಡು ಅಂತ ಬರೆದರೆ ಮೇಲಿನಿಂದ ಆಕ್ಷೇಪಣೆ ಬರುತ್ತದೆ, ವಿವರಣೆ ಕೇಳುತ್ತಾರೆ, ಸಾಹೇಬರು ಕೂಗಾಡುತ್ತಾರೆ. ಅದೆಲ್ಲ ಮೇಡಂಗೆ ಬಾಯಿಪಾಠ.

ಎರಡು ಅಂತ ಬರೆದರು. ಈ ಫಾರಮ್ಮಿನಲ್ಲೂ ಹದಿನಾಲ್ಕರ ಮುಂದೆ ಹದಿನಾರು ಅಂತಿದ್ದದ್ದು ಕಣ್ಣಿಗೆ ಬಿತ್ತು. ಅದನ್ನೂ ತಿದ್ದಿ, ಕೆಳಗೆ ಸಹಿ ಹಾಕಿದರು.